ಮೂರು ರೂಪಾಯಿ ಬಡ್ಡಿ ಮತ್ತು ಎಂಟನೇ ತರಗತಿಯ ಗಣಿತ

ಕರ್ನಾಟಕದ ಹಳ್ಳಿಗಳಲ್ಲಿ ಕೈಸಾಲದ ಮಾತು ಬಂದಾಗ ಬಡ್ಡಿಯನ್ನು ‘ನೂರಕ್ಕೆ ಎರಡು ರೂಪಾಯಿ’, ‘ನೂರಕ್ಕೆ ಮೂರು ರೂಪಾಯಿ’ ಎಂದು ಹೇಳುವುದೇ ರೂಢಿ. ಈ ಲೆಕ್ಕ ತಿಂಗಳಿನದು ಎಂಬುದು ಕೊಡುವವರಿಗೂ ಪಡೆಯುವವರಿಗೂ ಗೊತ್ತಿರುವುದರಿಂದ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದೇ ಊರಿನ ಶಾಲೆಯಲ್ಲಿ ಮಕ್ಕಳು ಏಳನೇ ತರಗತಿಯ ಹೊತ್ತಿಗೆ ಸರಳ ಬಡ್ಡಿಯನ್ನೂ ಎಂಟನೇ ತರಗತಿಯಲ್ಲಿ ಚಕ್ರಬಡ್ಡಿಯನ್ನೂ ಕಲಿಯುತ್ತಾರೆ. ಅಲ್ಲಿ ಅಸಲು, ದರ, ಅವಧಿ ಎಲ್ಲವೂ ಅಚ್ಚುಕಟ್ಟಾಗಿ ಕೊಟ್ಟಿರುತ್ತವೆ ಮತ್ತು ದರ ಬಹುತೇಕ ವಾರ್ಷಿಕವಾಗಿಯೇ ಇರುತ್ತದೆ. ಸೂತ್ರವನ್ನು ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದ ವಿದ್ಯಾರ್ಥಿಗೂ ಮನೆಯವರು ಕಟ್ಟುತ್ತಿರುವ ‘ಮೂರು ರೂಪಾಯಿ ಬಡ್ಡಿ’ಯು ಪುಸ್ತಕದಲ್ಲಿರುವ ಶೇ 12ರ ಬಡ್ಡಿಗಿಂತ ಮೂರು ಪಟ್ಟು ದುಬಾರಿ ಎಂಬುದು ತಾನಾಗಿ ಹೊಳೆಯುವುದಿಲ್ಲ, ಏಕೆಂದರೆ ಕೇಳಲು ಮೂರು ಎಂಬುದು ಹನ್ನೆರಡಕ್ಕಿಂತ ಚಿಕ್ಕ ಸಂಖ್ಯೆ. ಒಂದೇ ಗಣಿತದ ಎರಡು ರೂಪಗಳು ಒಂದೇ ಊರಿನಲ್ಲಿ ಒಂದನ್ನೊಂದು ಗುರುತಿಸದೆ ಉಳಿದಿರುವ ಈ ಅಂತರವೇ, ಆರ್ಥಿಕ ಸಾಕ್ಷರತೆಯನ್ನು ತರಗತಿಗೆ ತರಲು ಹೊರಡುವ ಶಿಕ್ಷಕರ ಪ್ರೇರಣೆಯ ಮೂಲ.

ಶಿಕ್ಷಕರ ಈ ಕಳಕಳಿಯನ್ನು ‘ಮಕ್ಕಳಲ್ಲಿ ಉಳಿತಾಯ ಮನೋಭಾವ ಬೆಳೆಸುವುದು’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ರೂಢಿಯಿದೆ. ಆದರೆ ಉಳಿತಾಯವು ಕೈಯಲ್ಲಿ ಒಂದಿಷ್ಟು ಉಳಿಯುವವರಿಗೆ ಹೇಳಬಹುದಾದ ಪಾಠ. ಸರ್ಕಾರಿ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಗಳಲ್ಲಿ ಮೊದಲು ಎದುರಾಗುವುದು ಉಳಿತಾಯವಲ್ಲ, ಸಾಲ. ಆದ್ದರಿಂದ ಹಣದ ಕಾಗದವನ್ನು ಓದುವ, ಅದರೊಳಗಿನ ದರವನ್ನು ಲೆಕ್ಕ ಹಾಕುವ ಮತ್ತು ಸಹಿ ಹಾಕುವ ಮುನ್ನ ಪ್ರಶ್ನೆ ಕೇಳುವ ಶಕ್ತಿಯನ್ನು ಮಗುವಿಗೆ ಕೊಡುವುದೇ ಈ ಶಿಕ್ಷಣದ ತಿರುಳಾಗಬೇಕು ಎಂಬುದು ಈ ಲೇಖನದ ನಿಲುವು.

ಆರ್ಥಿಕ ಸಾಕ್ಷರತೆ ಎಂದರೇನು

ಹಣಕಾಸಿನ ವಿಷಯದಲ್ಲಿ ವಿವೇಕದ ತೀರ್ಮಾನ ಕೈಗೊಳ್ಳಲು ಬೇಕಾದ ಅರಿವು, ಜ್ಞಾನ, ಕೌಶಲ, ಮನೋಭಾವ ಮತ್ತು ನಡವಳಿಕೆ ಇವಿಷ್ಟೂ ಸೇರಿದ್ದನ್ನು ಆರ್ಥಿಕ ಸಾಕ್ಷರತೆ ಎಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ವಿವರಿಸುತ್ತದೆ. ಅರ್ಥಶಾಸ್ತ್ರವನ್ನು ಒಂದು ವಿಷಯವಾಗಿ ಓದುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ರಾಷ್ಟ್ರೀಯ ಆದಾಯದ ವ್ಯಾಖ್ಯೆಯನ್ನು ಬಲ್ಲ ವಿದ್ಯಾರ್ಥಿಗೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಜಮಾ ಯಾವುದು, ಖರ್ಚು ಯಾವುದು ಎಂದು ಗುರುತಿಸಲು ಬಾರದಿದ್ದರೆ ಅದು ಜ್ಞಾನವೇ ಹೊರತು ಸಾಕ್ಷರತೆಯಾಗದು.

ಈ ಸಾಕ್ಷರತೆಯನ್ನು ಅಳೆಯಲು ಅರ್ಥಶಾಸ್ತ್ರಜ್ಞೆಯರಾದ ಅನ್ನಾಮಾರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಅವರು 2004ರಲ್ಲಿ ಅಮೆರಿಕದ ಸಮೀಕ್ಷೆಯೊಂದಕ್ಕಾಗಿ ರೂಪಿಸಿದ ಮೂರು ಪ್ರಶ್ನೆಗಳು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಮೊದಲನೆಯದು ಬಡ್ಡಿಯಿಂದ ಹಣ ಬೆಳೆಯುವ ಬಗೆಗೆ, ಎರಡನೆಯದು ಹಣದುಬ್ಬರಕ್ಕೆ, ಮೂರನೆಯದು ನಷ್ಟದ ಅಪಾಯವನ್ನು ಹಂಚಿಹಾಕುವುದಕ್ಕೆ ಸಂಬಂಧಿಸಿದ್ದು. ಹಣದುಬ್ಬರವೆಂದರೆ ಬೆಲೆಗಳು ಏರಿದಂತೆ ಅದೇ ರೂಪಾಯಿಗೆ ಸಿಗುವ ಸಾಮಾನು ಕಡಿಮೆಯಾಗುವುದು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಡಬ್ಬದಲ್ಲಿ ಮುಚ್ಚಿಟ್ಟ ಸಾವಿರ ರೂಪಾಯಿಯ ಕೊಳ್ಳುವ ಶಕ್ತಿ ಸುಮಾರು 12 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಅಪಾಯವನ್ನು ಹಂಚಿಹಾಕುವುದೆಂದರೆ ಇರುವುದನ್ನೆಲ್ಲ ಒಂದೇ ಕಡೆ ತೊಡಗಿಸದಿರುವುದು. ಒಂದೇ ಬೆಳೆಯನ್ನು ನೆಚ್ಚಿ ಕೆಟ್ಟ ಅನುಭವವಿರುವ ರೈತ ಕುಟುಂಬದ ಮಗುವಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಮೂರೂ ಎಂಟನೇ ತರಗತಿಯ ಗಣಿತಕ್ಕೆ ನಿಲುಕುವ ಸಂಗತಿಗಳೇ.

ಮನೆಯ ಲೆಕ್ಕ, ಶಾಲೆಯ ಲೆಕ್ಕ

ಶಿಕ್ಷಕರು ಕರಿಹಲಗೆಯ ಮೇಲೆ ಬಿಡಿಸಬಹುದಾದ ಒಂದೆರಡು ಲೆಕ್ಕಗಳನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ತುರ್ತು ಸ್ಪಷ್ಟವಾಗುತ್ತದೆ. ನೂರಕ್ಕೆ ಮೂರು ರೂಪಾಯಿಯಂತೆ 50,000 ರೂಪಾಯಿ ಸಾಲ ಪಡೆದ ಕುಟುಂಬವು ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 18,000 ರೂಪಾಯಿ ಬಡ್ಡಿ ಕಟ್ಟುತ್ತದೆ, ಅಂದರೆ ವಾರ್ಷಿಕ ದರ ಶೇ 36. ಇದೇ ಹಣ ವಾರ್ಷಿಕ ಶೇ 12ರ ದರದಲ್ಲಿ ಸಿಕ್ಕಿದ್ದರೆ ಬಡ್ಡಿ 6,000 ರೂಪಾಯಿಯಷ್ಟೇ ಆಗುತ್ತಿತ್ತು. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಲಾಗದೆ ಅದನ್ನು ಅಸಲಿಗೆ ಸೇರಿಸುತ್ತಾ ಹೋದರೆ, ಚಕ್ರಬಡ್ಡಿಯ ನಿಯಮದಂತೆ ಸಾಲ ಎರಡೇ ವರ್ಷದಲ್ಲಿ ಇಮ್ಮಡಿಯಾಗುತ್ತದೆ.

ಪಟ್ಟಣಗಳ ತಳ್ಳುಗಾಡಿ ವ್ಯಾಪಾರಿಗಳು ಮತ್ತು ಸಣ್ಣ ಅಂಗಡಿಯವರು ಪಡೆಯುವ ದಿನದ ಸಾಲದ ಲೆಕ್ಕ ಇನ್ನೂ ಗೂಢವಾದದ್ದು. 10,000 ರೂಪಾಯಿ ಸಾಲವೆಂದು ಬರೆದುಕೊಂಡು, 1,000 ರೂಪಾಯಿಯನ್ನು ಮೊದಲೇ ಮುರಿದುಕೊಂಡು 9,000 ರೂಪಾಯಿಯನ್ನು ಕೈಗಿತ್ತು, ದಿನಕ್ಕೆ 100 ರೂಪಾಯಿಯಂತೆ 100 ದಿನ ವಸೂಲಿ ಮಾಡುವ ಪದ್ಧತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಬಡ್ಡಿ ಎಷ್ಟು ಎಂದು ಕೇಳಿದರೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಸಾಮಾನ್ಯವಾಗಿ ಶೇ 10 ಎಂದೇ ಉತ್ತರಿಸುತ್ತಾರೆ. ಆದರೆ ಆ ಸಾವಿರ ರೂಪಾಯಿ ಇಡೀ ವರ್ಷದ ಬಡ್ಡಿಯಲ್ಲ, ಕೇವಲ 100 ದಿನಗಳದ್ದು. ಜೊತೆಗೆ ಸಾಲಗಾರರ ಕೈಯಲ್ಲಿ 9,000 ರೂಪಾಯಿ 100 ದಿನವೂ ಇರುವುದಿಲ್ಲ, ಪ್ರತಿದಿನದ ಕಂತಿನೊಂದಿಗೆ ಅದು ಕರಗುತ್ತಾ ಹೋಗಿ ಸರಾಸರಿ ಅರ್ಧದಷ್ಟೇ ಉಳಿಯುತ್ತದೆ. ಈ ಎರಡೂ ಅಂಶಗಳನ್ನು ಸೇರಿಸಿ ಲೆಕ್ಕ ಹಾಕಿದರೆ ವಾರ್ಷಿಕ ದರ ಶೇ 75ನ್ನು ಮೀರುತ್ತದೆ. ಬಾಕಿ ಅಸಲು ಕಡಿಮೆಯಾಗುತ್ತಾ ಬಂದರೂ ಮೊದಲ ದಿನದ ಅಸಲಿನ ಮೇಲೆಯೇ ಬಡ್ಡಿ ಹಾಕುವ ಕ್ರಮಕ್ಕೆ ‘ಫ್ಲಾಟ್ ದರ’ ಎಂದೂ, ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕುವ ಕ್ರಮಕ್ಕೆ ‘ಇಳಿಕೆ ಬಾಕಿ ದರ’ ಎಂದೂ ಹೇಳಬಹುದು. ಒಂದು ವರ್ಷದ ಮಾಸಿಕ ಕಂತಿನ ಸಾಲದಲ್ಲಿ ಶೇ 12ರ ಫ್ಲಾಟ್ ದರವು ವಾಸ್ತವದಲ್ಲಿ ಶೇ 21ನ್ನು ದಾಟುತ್ತದೆ. ಸೂತ್ರವನ್ನು ಬಲ್ಲ ಹದಿಮೂರು ವರ್ಷದ ಹುಡುಗಿಗೆ ಈ ವ್ಯತ್ಯಾಸವನ್ನು ಒಮ್ಮೆ ತೋರಿಸಿಕೊಟ್ಟರೆ, ಮುಂದೆ ದ್ವಿಚಕ್ರ ವಾಹನದ ಸಾಲದ ಜಾಹೀರಾತನ್ನು ಅವಳು ಓದುವ ರೀತಿಯೇ ಬೇರೆಯಾಗುತ್ತದೆ.

ಶಿಕ್ಷಕರಿಗೇ ಏಕೆ ಈ ಕಳಕಳಿ

ಮನೆಯೊಂದರ ಆರ್ಥಿಕ ಸಂಕಟ ಊರಿಗೆ ತಿಳಿಯುವ ಮುನ್ನವೇ ಅದರ ಗುರುತು ಶಾಲೆಯ ಹಾಜರಿ ಪುಸ್ತಕದಲ್ಲಿ ಮೂಡಿರುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರದಂತಹ ಜಿಲ್ಲೆಗಳಲ್ಲಿ ಮೇಸ್ತ್ರಿಯಿಂದ ಮುಂಗಡ ಪಡೆದ ಕುಟುಂಬವು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಮಹಾರಾಷ್ಟ್ರಕ್ಕೋ ಗುಳೆ ಹೋದಾಗ ಮಗುವಿನ ಹೆಸರಿನ ಮುಂದೆ ವಾರಗಟ್ಟಲೆ ಗೈರುಹಾಜರಿ ಬೀಳುತ್ತದೆ. ಹತ್ತನೇ ತರಗತಿ ಮುಗಿಸಿದ ಹುಡುಗಿಯನ್ನು ಕಾಲೇಜಿಗೆ ಕಳುಹಿಸದಿರುವ ತೀರ್ಮಾನದ ಹಿಂದೆ ಅನೇಕ ವೇಳೆ ತೀರದ ಸಾಲವೊಂದು ಇರುತ್ತದೆ. ಈ ಗೈರುಹಾಜರಿಗೆ ಕಾರಣ ಬರೆಯುವಾಗ ‘ಆಸಕ್ತಿಯ ಕೊರತೆ’ ಎಂದು ಬರೆದು ಮುಗಿಸಲು ಮನಸ್ಸೊಪ್ಪದ ಶಿಕ್ಷಕರು ಸಾಲದ ಗಣಿತವನ್ನು ತರಗತಿಗೆ ತರುತ್ತಾರೆ.

ಎರಡನೆಯ ಕಾರಣ ಶಾಲೆಯ ಕಚೇರಿ ಕೆಲಸದಿಂದಲೇ ಬರುತ್ತದೆ. ವಿದ್ಯಾರ್ಥಿವೇತನವು ಇಂದು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ, ಮಗುವಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಹೆಸರಿನ ಅಕ್ಷರಗಳು ಎರಡೂ ದಾಖಲೆಗಳಲ್ಲಿ ಹೊಂದುತ್ತವೆಯೇ ಎಂದು ಪರಿಶೀಲಿಸುವ ಹೊಣೆ ಬಹುತೇಕ ಶಿಕ್ಷಕರ ಮೇಲೆಯೇ ಬೀಳುತ್ತದೆ. ಆಧಾರ್ ಆಧಾರಿತ ಪಾವತಿಯು ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ ಎಂಬುದು ಗೊತ್ತಿಲ್ಲದೆ, ಎರಡು ಮೂರು ಬ್ಯಾಂಕುಗಳಲ್ಲಿ ಖಾತೆ ತೆರೆದ ಪೋಷಕರು ಹಣ ಬಂದಿಲ್ಲವೆಂದು ಶಾಲೆಯ ಬಾಗಿಲಿಗೆ ಬರುತ್ತಾರೆ. ಎರಡು ವರ್ಷಗಳಿಗೂ ಹೆಚ್ಚು ಕಾಲ ಗ್ರಾಹಕರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ ಎಂಬುದೂ ಅವರಲ್ಲಿ ಹಲವರಿಗೆ ಹೊಸ ಸಂಗತಿ. ಒಬ್ಬೊಬ್ಬ ಪೋಷಕರಿಗೂ ಪ್ರತ್ಯೇಕವಾಗಿ ವಿವರಿಸುವುದಕ್ಕಿಂತ ಇಡೀ ತರಗತಿಗೆ ಒಮ್ಮೆ ಕಲಿಸುವುದು ಮೇಲು ಎಂಬುದು ಶಿಕ್ಷಕರ ಅನುಭವವೇ ಹೇಳಿಕೊಡುವ ವಿವೇಕ.

ಮೂರನೆಯದು ಶಿಕ್ಷಕರ ಸ್ವಂತ ಬದುಕಿಗೆ ಸಂಬಂಧಿಸಿದ್ದು. 2006ರ ಏಪ್ರಿಲ್ 1ರಿಂದ ಈಚೆಗೆ ಕರ್ನಾಟಕ ಸರ್ಕಾರದ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲು, ಪ್ರತಿ ತಿಂಗಳ ವಂತಿಗೆಯನ್ನು ಮಾರುಕಟ್ಟೆಯಲ್ಲಿ ತೊಡಗಿಸಿ ಅದರ ಗಳಿಕೆಯ ಮೇಲೆ ಪಿಂಚಣಿಯನ್ನು ನಿರ್ಧರಿಸುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಅನ್ವಯಿಸಿತು. ತಮ್ಮ ವೃದ್ಧಾಪ್ಯದ ಆದಾಯವೇ ಷೇರು, ಸಾಲಪತ್ರಗಳ ಏರಿಳಿತವನ್ನು ಅವಲಂಬಿಸಿದೆ ಎಂಬುದನ್ನು ಕಂಡುಕೊಂಡ ತಲೆಮಾರಿನ ಶಿಕ್ಷಕರು, ಇಂತಹ ವಿಷಯಗಳನ್ನು ತಮಗೆ ಶಾಲೆಯಾಗಲಿ ಶಿಕ್ಷಕರ ತರಬೇತಿ ಕಾಲೇಜಾಗಲಿ ಕಲಿಸಲಿಲ್ಲವೆಂಬ ಕೊರತೆಯನ್ನು ಮನಗಂಡಿದ್ದಾರೆ. ಆ ಕೊರತೆ ಮುಂದಿನ ತಲೆಮಾರಿಗೂ ದಾಟಬಾರದೆಂಬ ಸಂಕಲ್ಪ ಅವರ ಪಾಠಕ್ಕೆ ಬಲ ಕೊಡುತ್ತದೆ.

ಶಾಲೆ ಕಟ್ಟಿದವರೇ ಬ್ಯಾಂಕು ಕಟ್ಟಿದ ನಾಡು

ಶಿಕ್ಷಣ ಮತ್ತು ಹಣಕಾಸು ಬೇರೆ ಬೇರೆ ಲೋಕಗಳೆಂಬ ಭಾವನೆ ಕರ್ನಾಟಕದ ಇತಿಹಾಸಕ್ಕೆ ಹೊಂದುವುದಿಲ್ಲ. ಮಂಗಳೂರಿನಲ್ಲಿ 1891ರಲ್ಲಿ ಕೆನರಾ ಹೈಸ್ಕೂಲನ್ನು, ಬಳಿಕ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಸ್ಥಾಪಿಸಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರೇ 1906ರಲ್ಲಿ, ಮುಂದೆ ಕೆನರಾ ಬ್ಯಾಂಕ್ ಎಂದು ಹೆಸರಾದ ನಿಧಿಯನ್ನೂ ಆರಂಭಿಸಿದರು. ಅಜ್ಞಾನ ಮತ್ತು ಮೂಢನಂಬಿಕೆಯನ್ನು ತೊಡೆಯುವುದು, ಅದಕ್ಕಾಗಿ ಶಿಕ್ಷಣವನ್ನು ಹರಡುವುದು ಹಾಗೂ ಮಿತವ್ಯಯದ ಅಭ್ಯಾಸವನ್ನು ಬೆಳೆಸುವುದು ಆ ಬ್ಯಾಂಕಿನ ಸ್ಥಾಪನಾ ತತ್ವಗಳಲ್ಲಿ ಸೇರಿದ್ದವು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಶಿಕ್ಷಣ ಸಂಸ್ಥೆಗಳನ್ನೂ ಕಟ್ಟಿದವರು. ಆ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಕೂಲಿಕಾರರಿಗೂ ಇದರಿಂದ ಪಾಸ್‌ಬುಕ್ಕಿನ ಪರಿಚಯವಾಯಿತು.

ಉತ್ತರದಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ನೋಂದಣಿಯಾದ ಕೃಷಿ ಪತ್ತಿನ ಸಹಕಾರ ಸಂಘವು ರೈತರನ್ನು ಲೇವಾದೇವಿದಾರರ ಹಿಡಿತದಿಂದ ಬಿಡಿಸುವ ಪ್ರಯತ್ನವಾಗಿತ್ತು ಮತ್ತು ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಇಂದಿಗೂ ಹೆಸರಾಗಿದೆ. ಒಂದು ಕಾಲದಲ್ಲಿ ಶಾಲೆಗಳಲ್ಲಿ ಶಿಕ್ಷಕರ ಉಸ್ತುವಾರಿಯಲ್ಲಿ ಮಕ್ಕಳೇ ನಡೆಸುತ್ತಿದ್ದ ಸಂಚಯಿಕಾ ಎಂಬ ಉಳಿತಾಯ ಯೋಜನೆಯನ್ನು ಹಿರಿಯ ತಲೆಮಾರಿನ ಓದುಗರು ನೆನೆಯಬಲ್ಲರು. ಈ ಪರಂಪರೆಯನ್ನು ಬಲ್ಲ ಶಿಕ್ಷಕರಿಗೆ ಆರ್ಥಿಕ ಸಾಕ್ಷರತೆಯು ಹೊರಗಿನಿಂದ ಬಂದ ಹೊಸ ಹೊರೆಯಾಗಿ ತೋರುವುದಿಲ್ಲ. ನಾಡು ನಡುವೆ ಕೈಬಿಟ್ಟ ಕೆಲಸವೊಂದನ್ನು ಮತ್ತೆ ಎತ್ತಿಕೊಂಡಂತೆ ಕಾಣುತ್ತದೆ.

ಖಾತೆ ಬಂತು, ಕಲಿಕೆ ಹಿಂದುಳಿಯಿತು

2014ರ ಆಗಸ್ಟ್‌ನಲ್ಲಿ ಆರಂಭವಾದ ಜನಧನ ಯೋಜನೆಯ ಖಾತೆಗಳ ಸಂಖ್ಯೆ 2023ರ ಆಗಸ್ಟ್ ವೇಳೆಗೆ 50 ಕೋಟಿಯನ್ನು ದಾಟಿತು. 2016ರಲ್ಲಿ ಬಂದ ಯುಪಿಐ, ಅಂದರೆ ಮೊಬೈಲ್ ಮೂಲಕ ಒಂದು ಖಾತೆಯಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಣ ಕಳುಹಿಸುವ ವ್ಯವಸ್ಥೆ, ಸಂತೆಯ ಸೊಪ್ಪಿನ ಬುಟ್ಟಿಯನ್ನೂ ತಲುಪಿದೆ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಜಮೆಯಾಗತೊಡಗಿದ ಮೇಲೆ, ಹಿಂದೆಂದೂ ಬ್ಯಾಂಕಿಗೆ ಹೋಗದಿದ್ದ ಮಹಿಳೆಯರೂ ಖಾತೆಯನ್ನು ವಿಚಾರಿಸುವಂತಾಯಿತು. ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರಕಾರ ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಿರ್ವಹಿಸಲು ಬ್ಯಾಂಕುಗಳು ಅವಕಾಶ ಕೊಡಬಹುದು. ಇಷ್ಟಾದರೂ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರವು 2019ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಆರ್ಥಿಕವಾಗಿ ಸಾಕ್ಷರರೆಂದು ಕಂಡುಬಂದವರು ಶೇ 27ರಷ್ಟು ಮಾತ್ರ.

ಖಾತೆಗೂ ಕಲಿಕೆಗೂ ನಡುವಿನ ಈ ಅಂತರದಲ್ಲಿಯೇ ವಂಚಕರು ಬೇರೂರುತ್ತಾರೆ. ಹಣ ಸ್ವೀಕರಿಸಲು ಪಿನ್ ಬೇಕಿಲ್ಲ, ಕಳುಹಿಸಲು ಮಾತ್ರ ಬೇಕು ಎಂಬ ಒಂದು ವಾಕ್ಯ ತಿಳಿದಿದ್ದರೆ ಎಷ್ಟೋ ಮನೆಗಳ ಹಣ ಉಳಿಯುತ್ತಿತ್ತು. ಹೊಸಬರ ಠೇವಣಿಯಿಂದ ಹಳಬರಿಗೆ ಲಾಭಾಂಶ ಹಂಚಿ ನಂಬಿಕೆ ಗಳಿಸುವ ವಂಚನೆಗೆ ಪೊಂಜಿ ಯೋಜನೆ ಎಂದು ಹೆಸರು. ಇಂತಹ ಯೋಜನೆಯ ಆರೋಪ ಹೊತ್ತ ಬೆಂಗಳೂರಿನ ಐಎಂಎ ಸಮೂಹ 2019ರಲ್ಲಿ ಕುಸಿದು ಬಿದ್ದಾಗ ಸಾವಿರಾರು ಕುಟುಂಬಗಳು ಜೀವಮಾನದ ಉಳಿತಾಯವನ್ನು ಕಳೆದುಕೊಂಡವು. ಬ್ಯಾಂಕು ಮುಳುಗಿದರೆ ಪ್ರತಿ ಠೇವಣಿದಾರರಿಗೆ ಪ್ರತಿ ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ (2020ಕ್ಕೆ ಮೊದಲು ಇದು 1 ಲಕ್ಷ ರೂಪಾಯಿ ಇತ್ತು), ಆದರೆ ಇಂತಹ ಖಾಸಗಿ ಯೋಜನೆಗಳಿಗೆ ಆ ರಕ್ಷಣೆ ಇಲ್ಲ ಎಂಬ ವ್ಯತ್ಯಾಸವನ್ನು ಶಾಲೆಯಲ್ಲಿ ಕಲಿಸಬಹುದು. ಪದವಿಪೂರ್ವ ಹಂತದ ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ: ಸ್ವಲ್ಪ ಹಣದಾಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಇತರರ ಬಳಕೆಗೆ ಕೊಟ್ಟವರು, ಆ ಖಾತೆಯ ಮೂಲಕ ವಂಚನೆಯ ಹಣ ಸಾಗಿದಾಗ ತಾವೇ ಆರೋಪಿಗಳಾಗುತ್ತಾರೆ.

ಕಾನೂನು ಒದಗಿಸಿರುವ ರಕ್ಷಣೆಗಳೂ ಓದು ಬಲ್ಲವರಿಗಷ್ಟೇ ಉಪಯೋಗಕ್ಕೆ ಬರುತ್ತವೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಕಿರುಸಾಲಗಳ ವಿಷಯದಲ್ಲಿ, ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ಮಾಸಿಕ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ಅಂದರೆ ತಿಂಗಳಿಗೆ 15,000 ರೂಪಾಯಿ ದುಡಿಯುವ ಮನೆಯ ಕಂತುಗಳೆಲ್ಲ ಸೇರಿ 7,500 ರೂಪಾಯಿಯನ್ನು ದಾಟುವಂತಿಲ್ಲ. ಶುಲ್ಕಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಮುದ್ರಿಸಿದ ‘ಪ್ರಮುಖ ಸಂಗತಿಗಳ ವಿವರಪತ್ರ’ವನ್ನು ಚಿಲ್ಲರೆ ಸಾಲಗಳಿಗೆಲ್ಲ ಕೊಡುವುದು 2024ರ ಅಕ್ಟೋಬರ್‌ನಿಂದ ಕಡ್ಡಾಯವಾಗಿದೆ. ಸಾಲ ವಸೂಲಿಯ ಕಿರುಕುಳದಿಂದ ಆತ್ಮಹತ್ಯೆಗಳು ವರದಿಯಾದ ಬಳಿಕ ಕರ್ನಾಟಕ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಜೈಲು ಮತ್ತು 5 ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸಲು ಅವಕಾಶ ಕಲ್ಪಿಸಿತು. ಸಾಲದ ಕುರಿತ ಸರ್ವಜ್ಞನ ತ್ರಿಪದಿಯನ್ನು ಬಾಯಿಪಾಠ ಮಾಡಿಸುವ ಶಾಲೆಗಳು ಸಾಲದ ಈ ವಿವರಪತ್ರವನ್ನು ಓದುವುದನ್ನೂ ಕಲಿಸಿದರೆ ಮಾತ್ರ ಇಂತಹ ನಿಯಮಗಳು ಮನೆ ತಲುಪಿಯಾವು.

ತರಗತಿಯೊಳಗಿನ ಕ್ರಮ

ಆರ್ಥಿಕ ಸಾಕ್ಷರತೆಗಾಗಿ ಹೊಸ ವಿಷಯವನ್ನೂ ಹೊಸ ಪರೀಕ್ಷೆಯನ್ನೂ ಸೇರಿಸಬೇಕಾಗಿಲ್ಲ. ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರವು ಸಿಬಿಎಸ್‌ಇ ಜೊತೆಗೂಡಿ ಆರರಿಂದ ಹತ್ತನೇ ತರಗತಿಯವರೆಗೆ ಕಾರ್ಯಪುಸ್ತಕಗಳನ್ನು ಸಿದ್ಧಪಡಿಸಿದೆ. ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತದೆ. ಆದರೆ ಪುಸ್ತಕಕ್ಕಿಂತ ಮೊದಲೇ ಕೈಗೆ ಸಿಗುವ ಸಾಧನಗಳು ರಾಜ್ಯದ ಶಾಲೆಗಳಲ್ಲಿ ಇವೆ. ಅವುಗಳಲ್ಲಿ ಮುಖ್ಯವಾದದ್ದು ಮಕ್ಕಳ ಸಂತೆ. ಮಕ್ಕಳು ಮನೆಯಲ್ಲಿ ಬೆಳೆದ ತರಕಾರಿ, ಸೊಪ್ಪು, ಕರಿದ ತಿಂಡಿಗಳನ್ನು ತಂದು ಶಾಲೆಯ ಅಂಗಳದಲ್ಲಿ ಮಾರುವ ಈ ಕಾರ್ಯಕ್ರಮವು ಸಾಮಾನ್ಯವಾಗಿ ಮಾರಾಟದೊಂದಿಗೆ ಮುಗಿದುಬಿಡುತ್ತದೆ. ಕಲಿಕೆ ಆರಂಭವಾಗಬೇಕಾದದ್ದು ಅಲ್ಲಿಂದ ಮುಂದೆ.

ಕೊತ್ತಂಬರಿ ಸೊಪ್ಪಿನ 20 ಕಟ್ಟುಗಳನ್ನು ತಲಾ 10 ರೂಪಾಯಿಗೆ ಮಾರಿದ ಆರನೇ ತರಗತಿಯ ಮಗು ತನ್ನ ಲಾಭ 200 ರೂಪಾಯಿ ಎಂದು ಬರೆಯುತ್ತದೆ ಎಂದುಕೊಳ್ಳೋಣ. ಶಿಕ್ಷಕರು ಒಂದೊಂದಾಗಿ ಪ್ರಶ್ನೆ ಕೇಳುತ್ತಾ ಹೋದಂತೆ ಬೀಜಕ್ಕೆ 30 ರೂಪಾಯಿ, ಗೊಬ್ಬರಕ್ಕೆ 20, ಕಟ್ಟುವ ದಾರಕ್ಕೆ ಮತ್ತು ಆಟೊಗೆ 20 ಎಂದು ಹಾಳೆಯಲ್ಲಿ ಹೊಸ ಸಾಲುಗಳು ಸೇರಿ, ಲಾಭ 130ಕ್ಕೆ ಇಳಿಯುತ್ತದೆ. ಕೊನೆಗೆ, ಬೆಳಗಿನ ಜಾವ ಎದ್ದು ಸೊಪ್ಪು ಕಿತ್ತು, ತೊಳೆದು, ಕಟ್ಟು ಕಟ್ಟಿದ ಅವ್ವನ ಎರಡು ತಾಸಿನ ಕೆಲಸಕ್ಕೆ ಏನು ಬೆಲೆ ಎಂಬ ಪ್ರಶ್ನೆ ಬರುತ್ತದೆ. ಊರಿನ ಕೂಲಿಯ ಲೆಕ್ಕದಲ್ಲಿ ಅದಕ್ಕೆ 80 ರೂಪಾಯಿ ಹಾಕಿದರೆ ಉಳಿಯುವುದು 50 ರೂಪಾಯಿ. ಒಟ್ಟು ಮಾರಾಟ ಮತ್ತು ನಿವ್ವಳ ಲಾಭಗಳ ವ್ಯತ್ಯಾಸವನ್ನು, ಬಂಡವಾಳ ಎಂಬುದರ ಅರ್ಥವನ್ನು, ಮನೆಯ ಹೆಂಗಸರ ದುಡಿಮೆ ಲೆಕ್ಕದಿಂದ ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ಒಂದೇ ಹಾಳೆ ಕಲಿಸುತ್ತದೆ. ರೈತರು ತಮ್ಮ ಬೆಳೆಗೆ ನ್ಯಾಯವಾದ ಬೆಲೆ ಬೇಕೆಂದು ಏಕೆ ಕೇಳುತ್ತಾರೆ ಎಂಬುದೂ ಅದೇ ಹಾಳೆಯಿಂದ ಅರ್ಥವಾಗುತ್ತದೆ.

ಏಳು ಮತ್ತು ಎಂಟನೇ ತರಗತಿಗಳಲ್ಲಿ ತಿಂಗಳ ಬಡ್ಡಿಯನ್ನು ವಾರ್ಷಿಕ ದರಕ್ಕೆ ಪರಿವರ್ತಿಸುವುದು, ಪಾಸ್‌ಬುಕ್ ಓದುವುದು, ಚಲನ್ ಮತ್ತು ಚೆಕ್ ಬರೆಯುವುದು ಗಣಿತದ ಜೊತೆಗೇ ಸಾಗಬಹುದು. ಒಂಬತ್ತು, ಹತ್ತನೇ ತರಗತಿಗಳಲ್ಲಿ ಸಾಲದ ವಿವರಪತ್ರ, ವಿಮೆ, ಠೇವಣಿಗಳ ಹೋಲಿಕೆ ಮತ್ತು ಮೊಬೈಲ್ ವಂಚನೆಗಳನ್ನು ಎತ್ತಿಕೊಳ್ಳಬಹುದು. ಹಣ ಕಳೆದುಕೊಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಪ್ರತಿ ಮಗುವೂ ಬಲ್ಲಂತಾಗಬೇಕು. ಚಕ್ರಬಡ್ಡಿಯು ಸಾಲಗಾರರನ್ನು ಮುಳುಗಿಸುವಂತೆಯೇ ಉಳಿಸುವವರನ್ನು ಮೇಲೆತ್ತಬಲ್ಲದು ಎಂಬ ಇನ್ನೊಂದು ಮುಖವನ್ನೂ ತೋರಿಸುವುದು ನ್ಯಾಯ: ತಿಂಗಳಿಗೆ 500 ರೂಪಾಯಿಯಂತೆ ಶೇ 7ರ ದರದಲ್ಲಿ 10 ವರ್ಷ ಕಟ್ಟಿದರೆ, ಕಟ್ಟಿದ 60,000 ರೂಪಾಯಿ 86,000 ರೂಪಾಯಿಗಿಂತ ಹೆಚ್ಚಾಗುತ್ತದೆ.

ಅಧ್ಯಯನಗಳು ಹೇಳುವುದು

ಈ ಶಿಕ್ಷಣದಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರು ಗಂಭೀರವಾಗಿ ಕೇಳಿದ್ದಾರೆ. ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು, ಆರ್ಥಿಕ ಶಿಕ್ಷಣದಿಂದ ಜನರ ನಡವಳಿಕೆಯಲ್ಲಾಗುವ ಬದಲಾವಣೆ ಅತ್ಯಲ್ಪವೆಂದೂ, ಕಲಿತದ್ದು ಕಾಲ ಕಳೆದಂತೆ ಮಾಸುತ್ತದೆಂದೂ, ತೀರ್ಮಾನ ಕೈಗೊಳ್ಳುವ ಹೊತ್ತಿಗೆ ಹತ್ತಿರವಾಗಿ ಕಲಿಸಿದರೆ ಮಾತ್ರ ಫಲವೆಂದೂ ಹೇಳಿತು. 76 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯು ಜ್ಞಾನ ಮತ್ತು ನಡವಳಿಕೆ ಎರಡರ ಮೇಲೂ ಸತ್ಪರಿಣಾಮ ಇದೆಯೆಂದು ಕಂಡುಕೊಂಡಿತು.

ಶಾಲೆಗಳಿಗೆ ಹೆಚ್ಚು ಹತ್ತಿರವಾದದ್ದು ಬ್ರೆಜಿಲ್ ದೇಶದ 892 ಪ್ರೌಢಶಾಲೆಗಳಲ್ಲಿ 2010–11ರಲ್ಲಿ ನಡೆದ ಪ್ರಯೋಗ. ಅಲ್ಲಿ ಹಣಕಾಸಿನ ಪಾಠಗಳನ್ನು ಗಣಿತ, ಭಾಷೆ, ಸಮಾಜ ವಿಜ್ಞಾನ ಮುಂತಾದ ಇರುವ ವಿಷಯಗಳೊಳಗೇ ಬೆರೆಸಲಾಗಿತ್ತು. ವಿದ್ಯಾರ್ಥಿಗಳ ತಿಳಿವಳಿಕೆ ಮತ್ತು ಉಳಿತಾಯ ಹೆಚ್ಚಿದವು, ಪೋಷಕರ ತಿಳಿವಳಿಕೆಯೂ ಸುಧಾರಿಸಿತು. ಆದರೆ ಅದೇ ವಿದ್ಯಾರ್ಥಿಗಳು ಕಂತಿನ ಖರೀದಿಯಂತಹ ದುಬಾರಿ ಸಾಲವನ್ನೂ ಹೆಚ್ಚು ಬಳಸಿದರು. ಅವರನ್ನೇ ಒಂಬತ್ತು ವರ್ಷಗಳ ನಂತರ ನೋಡಿದಾಗ ದುಬಾರಿ ಸಾಲದ ಬಳಕೆಯೂ ಬಾಕಿ ಉಳಿಸಿಕೊಳ್ಳುವುದೂ ಕಡಿಮೆಯಾಗಿದ್ದವು. ಹಣದ ಬಗ್ಗೆ ಅರೆಬರೆ ಕಲಿಸುವುದು ಸಾಲದ ಕಡೆಗಿನ ಭಯವನ್ನಷ್ಟೇ ಕಳೆಯಬಹುದು ಎಂಬ ಎಚ್ಚರವನ್ನೂ, ಚೆನ್ನಾಗಿ ಕಲಿಸಿದ್ದು ಬಹುಕಾಲದ ನಂತರ ಫಲ ಕೊಡಬಲ್ಲದು ಎಂಬ ಭರವಸೆಯನ್ನೂ ಈ ಪ್ರಯೋಗ ಒಟ್ಟಿಗೇ ಕೊಡುತ್ತದೆ.

ಮೀರಬಾರದ ಗೆರೆಗಳು

ಈ ಪಾಠಕ್ಕೆ ಕೆಲವು ಮಿತಿಗಳಿವೆ, ಅವನ್ನು ಶಿಕ್ಷಕರು ಕಾಯ್ದುಕೊಳ್ಳಬೇಕು. ಯಾವ ಮಗುವಿನಿಂದಲೂ ತನ್ನ ಮನೆಯ ಸಾಲವನ್ನು, ತಂದೆಯ ಸಂಬಳವನ್ನು ಇತರರ ಮುಂದೆ ಹೇಳಿಸಬಾರದು. ಲೆಕ್ಕಗಳಲ್ಲಿ ಕಲ್ಪಿತ ಕುಟುಂಬವನ್ನೇ ಬಳಸಬೇಕು. ಯಾವುದೇ ಬ್ಯಾಂಕು, ವಿಮಾ ಕಂಪನಿ ಅಥವಾ ಹೂಡಿಕೆಯ ಪ್ರಚಾರಕ್ಕೆ ತರಗತಿ ವೇದಿಕೆಯಾಗಬಾರದು. ಪಾಲಿಸಿ ಮಾರುವವರನ್ನು ಉಪನ್ಯಾಸಕ್ಕೆ ಕರೆದರೆ ಮಕ್ಕಳು ವಿಮೆ ಎಂದರೇನು ಎಂಬುದರ ಬದಲು ಯಾವ ವಿಮೆ ಕೊಳ್ಳಬೇಕು ಎಂಬುದನ್ನು ಕಲಿತು ಹೋಗುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಬಡತನಕ್ಕೆ ಬಡವರ ಅಜ್ಞಾನವೇ ಕಾರಣ ಎಂಬ ಭಾವನೆ ಮಗುವಿನಲ್ಲಿ ಮೂಡಬಾರದು. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ 5 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲವನ್ನು ಶೂನ್ಯ ಬಡ್ಡಿಯಲ್ಲಿ ಕೊಡುವ ಯೋಜನೆಯಿದೆ. ಅದೇ ಊರಿನಲ್ಲಿ ಶೇ 36ರ ಕೈಸಾಲವೂ ಇದೆ. ಭೂಮಿಯ ಪಹಣಿ ತಮ್ಮ ಹೆಸರಿನಲ್ಲಿರುವವರು ಮೊದಲನೆಯದನ್ನು ಪಡೆಯಬಲ್ಲರು, ಗೇಣಿಗೆ ಉಳುವವರು ಮತ್ತು ಭೂಹೀನ ಕೂಲಿಕಾರರು ಎರಡನೆಯದಕ್ಕೆ ಹೋಗಬೇಕಾಗುತ್ತದೆ. ಆಸ್ಪತ್ರೆಯ ಖರ್ಚಿಗೆ ರಾತ್ರೋರಾತ್ರಿ ಹಣ ಬೇಕಾದ ತಾಯಿಗೆ ದರ ಗೊತ್ತಿದ್ದರೂ ಬೇರೆ ದಾರಿ ಇರುವುದಿಲ್ಲ. ಗಣಿತದಿಂದ ಆದಾಯ ಹೆಚ್ಚುವುದಿಲ್ಲ, ಭೂಮಿಯೂ ಸಿಗುವುದಿಲ್ಲ; ಆದರೆ ತನಗೆ ಯಾವುದರ ಹಕ್ಕಿದೆ, ಅದು ಏಕೆ ಸಿಗುತ್ತಿಲ್ಲ, ಕಟ್ಟಿದ್ದರಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂದು ಕೇಳುವ ಸಾಮರ್ಥ್ಯ ಅದರಿಂದ ಬರುತ್ತದೆ. ಬೇಡಿಕೆಗಳು ರೂಪುಗೊಳ್ಳುವುದು ಇಂತಹ ಪ್ರಶ್ನೆಗಳಿಂದಲೇ.

ಆದುದರಿಂದ ಆರ್ಥಿಕ ಸಾಕ್ಷರತೆಯನ್ನು ಕೆಲವು ಉತ್ಸಾಹಿ ಶಿಕ್ಷಕರ ಸ್ವಂತ ಆಸಕ್ತಿಯಾಗಿ ಬಿಟ್ಟುಬಿಡುವುದು ಸರಿಯಲ್ಲ. ಸೇವಾನಿರತ ತರಬೇತಿಯಲ್ಲಿ ಅದಕ್ಕೆ ಸ್ಥಾನವಿರಬೇಕು. ಗಣಿತದ ಪಠ್ಯದಲ್ಲಿ ತಿಂಗಳ ಬಡ್ಡಿಯ, ದಿನದ ಕಂತಿನ ಲೆಕ್ಕಗಳು ಸೇರಬೇಕು. ಮಕ್ಕಳ ಸಂತೆಯ ಮರುದಿನ ಲೆಕ್ಕದ ಹಾಳೆಗೆ ಒಂದು ಅವಧಿಯನ್ನು ಮೀಸಲಿಡಬೇಕು. ಪೋಷಕರ ಸಭೆಗಳಲ್ಲಿ ಸಾಲದ ವಿವರಪತ್ರವನ್ನು ಗಟ್ಟಿಯಾಗಿ ಓದಿ ವಿವರಿಸಬೇಕು. ಇವಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ, ಶಿಕ್ಷಣ ಇಲಾಖೆಯ ಸ್ಪಷ್ಟ ಸೂಚನೆ ಮತ್ತು ಶಿಕ್ಷಕರಿಗೆ ಒಂದಿಷ್ಟು ಬಿಡುವು ಸಾಕು. ಹತ್ತನೇ ತರಗತಿ ಮುಗಿಸಿ ಹೊರಬರುವ ಪ್ರತಿ ವಿದ್ಯಾರ್ಥಿಯೂ ಮನೆಗೆ ಬಂದ ಸಾಲದ ಕಾಗದವನ್ನು ಓದಿ, ಅದರ ವಾರ್ಷಿಕ ದರವನ್ನು ತಂದೆತಾಯಿಗೆ ತಿಳಿಸಿಹೇಳುವಂತಾಗುವುದನ್ನು ಕರ್ನಾಟಕದ ಶಾಲಾ ಶಿಕ್ಷಣವು ತನ್ನ ಕನಿಷ್ಠ ಹೊಣೆಯೆಂದು ಒಪ್ಪಿಕೊಳ್ಳಬೇಕು.